ಬೀಗರ ಪೂರ್ತಿ ವಿಶ್ವಾಸ

ಆಲ್ಡರ್‌ಬಿ, ಯಾರ್ಕ್‌ಷೈರ್
ಮಂಗಳವಾರ, 16 ಫೆಬ್ರವರಿ 1988

ಪ್ರೀತಿಯ ಜಿಲಿಯನ್,

ಮೊದಲು ಪುಟ್ಟಿಯ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು ಕೊಡು, ಆಮೇಲೆ ಕೂತು ಈ ಕಾಗದ ಓದು.

ಮೊನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ನಿಮ್ಮಪ್ಪ ಪಕ್ಕದಲ್ಲೇ ಇದ್ದರು. ಮಗುವಿನ ದೀಕ್ಷಾಸ್ನಾನಕ್ಕೆ ನಿನ್ನ ಮಾವ ಬರುವುದು ಬೇಡ ಅಂದೆಯಲ್ಲ, ಅದು ನನಗೂ ಸರಿ ಅನ್ನಿಸಿದೆ. ಕೀತ್‌ಗೆ ಬೇಜಾರಾಗುತ್ತದೆ, ಎಷ್ಟಾದರೂ ಅವನ ಅಪ್ಪ. ಆದರೆ ಸ್ವಂತ ಬೀಗರನ್ನೇ ಕೆಲಸದಿಂದ ತೆಗೆದುಹಾಕಿದ ಮನುಷ್ಯ ನಿಮ್ಮಪ್ಪನ ಪಕ್ಕ ನಿಂತು ಪ್ರಾರ್ಥನೆ ಹೇಳುವುದನ್ನು ನಾನು ನೋಡಲಾರೆ.

ನನಗೆ ಮುಂಚೆಯೇ ವಾಸನೆ ಹೊಡೆದಿತ್ತು. ರಗ್ಬಿ ಕ್ಲಬ್ಬಿನ ಅಧ್ಯಕ್ಷರಾಗಿ ನಿನ್ನ ಮಾವ ಬರ್ನಾರ್ಡ್ ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದರು: ನಮ್ಮ ತರಬೇತುದಾರರ ಮೇಲೆ ನಮಗೆ ಪೂರ್ತಿ ವಿಶ್ವಾಸವಿದೆ ಅಂತ. ಈ ಮಾತು ಅಚ್ಚಾಯಿತೆಂದರೆ ಕೆಲಸ ಹೋಯಿತೆಂದೇ ಲೆಕ್ಕ. ಆ ದಿನ ತರಬೇತುದಾರನ ಹೆಂಡತಿಯಾದವಳು ಅಂಗಡಿಗೆ ಹೋಗಿ ಸಾಮಾನು ಕಟ್ಟಲು ಖಾಲಿ ರಟ್ಟಿನ ಡಬ್ಬ ಕೇಳುತ್ತಾಳೆ. ನಾನೂ ಕೇಳಿದೆ. "ಅಯ್ಯೋ ಆವ್ರಿಲ್, ಇಷ್ಟ್ ಬೇಗನಾ? ಬಾಳೆಹಣ್ಣಿಂದು ತಗೊಂಡ್ಹೋಗು, ಗಟ್ಟಿ ಇರುತ್ತೆ" ಅಂದಳು ಅಂಗಡಿಯ ಮೇವಿಸ್. ಮನೆಗೆ ಬಂದ ಮೇಲೆ ನೆನಪಾಯಿತು, ಈ ಸಲ ಸ್ವಂತ ಮನೆ, ಎಲ್ಲಿಗೂ ಹೋಗಬೇಕಾಗಿಲ್ಲ.

ನಿಮ್ಮಪ್ಪ ಏನು ಅಂತ ಬೀಗರಿಗೆ ಗೊತ್ತಿಲ್ಲದ್ದಲ್ಲ. ಬ್ರಿಸ್ಟಲ್‌ನ ನಿನ್ನ ನೆರೆಯವರಿಗೆ ಹದಿನೈದು ಜನ ಆಡುವ ರಗ್ಬಿ ಮಾತ್ರ ಗೊತ್ತು, ನಮ್ಮ ಹದಿಮೂರು ಜನರ ಲೀಗ್ ಅವರಿಗೆ ಲೆಕ್ಕಕ್ಕಿಲ್ಲ. ಇಲ್ಲಿ ಹಾಗಲ್ಲ. ವಾರವಿಡೀ ಗಣಿಗೆ ಇಳಿದು ರಜೆಯ ದಿನ ಮೈದಾನಕ್ಕೆ ಇಳಿದವರು ಇವರಿಬ್ಬರೂ, ಒಂದೇ ಮುಂದಿನ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು. ಮುಂದಿನ ಸಾಲಿನವನ ಕೆಲಸ ಚೆಂಡು ಅವುಚಿಕೊಂಡು ನೇರ ಹೋಗಿ ಗುದ್ದಿಸಿಕೊಳ್ಳುವುದು, ಎದ್ದು ಮತ್ತೆ ಅದನ್ನೇ ಮಾಡುವುದು. ನಿಮ್ಮಪ್ಪನ ಮೂಗು ನನ್ನ ಮದುವೆಯ ಫೋಟೋದಲ್ಲಿ ಎಡಕ್ಕಿದೆ, ನಿನ್ನ ಮದುವೆಯ ಫೋಟೋದಲ್ಲಿ ಬಲಕ್ಕಿದೆ. ಆಡುವುದು ಮುಗಿದ ಮೇಲೆ ತರಬೇತಿ ಅಂತ ಊರೂರು ಅಲೆದಾಟ. ಬ್ಯಾರೋ, ಹಲ್, ಆಮೇಲೆ ಫ್ರಾನ್ಸಿನ ದಕ್ಷಿಣ ತುದಿ. ನೀನು ಶಾಲೆ ಬದಲಿಸಿದೆ, ನಾನು ಪ್ರತಿ ಮನೆಯ ಕಿಟಕಿಗೂ ಹೊಸ ಪರದೆ ಹೊಲಿದೆ. ಕೊನೆಗೂ ನಮ್ಮೂರ ತಂಡವೇ ಕರೆಯಿತು. ಕರೆದವರೂ ಬರ್ನಾರ್ಡೇ.

ಗುರುವಾರ ಸಂಜೆ ಬಂದರು. ಬೀಗರಲ್ಲವೇ, ಮಾಂಸದ ಪೈ ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು. ಹವಾಮಾನ ಮಾತಾಡಿದರು, ತಮ್ಮ ಲಾರಿಗಳ ಟೈರಿನ ವಿಷಯ ಮಾತಾಡಿದರು. ಕೊನೆಗೆ ನಿಮ್ಮಪ್ಪನೇ, "ಲೋ ಬರ್ನಾರ್ಡ್, ಹೇಳೋದನ್ನ ಹೇಳಿ ಮುಗಿಸೋ" ಅಂದರು.

"ಕಮಿಟಿ ತೀರ್ಮಾನ ಮಾಡಿದೆ ಕಣೋ, ನೆವ್." ಇದನ್ನು ತಟ್ಟೆ ನೋಡಿಕೊಂಡು ಹೇಳಿದರು.

"ಯಾವ ಕಮಿಟಿ? ನಿಮ್ಮ ಬಾಮೈದ, ನಿಮ್ಮ ಗುಮಾಸ್ತ, ಅವರೇ ತಾನೇ?" ಅಂತ ನಾನು ಕೇಳಿಯೇಬಿಟ್ಟೆ.

"ಸುಮ್ನಿರೇ" ಅಂದರು ನಿಮ್ಮಪ್ಪ. ನನಗೆ! ಆಮೇಲೆ ಅವರನ್ನು ಗೇಟಿನವರೆಗೆ ಕಳಿಸಿಕೊಟ್ಟು, ಭುಜದ ಮೇಲೆ ಕೈ ಬೇರೆ ಹಾಕಿದರು. ಕಿಟಕಿಯಿಂದ ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ಊರು ನಮ್ಮ ಕಡೆ ಇದೆ. ಸೋತಾಗ ನಿಮ್ಮಪ್ಪನನ್ನು ಬೈದವರೇ ಈಗ ಬರ್ನಾರ್ಡ್‌ರನ್ನು ಬೈಯುತ್ತಿದ್ದಾರೆ. ಶನಿವಾರ ಕಾರ್ಮಿಕರ ಕ್ಲಬ್ಬಿನಲ್ಲಿ ನಿಮ್ಮಪ್ಪನನ್ನು ಬಿಯರಿನ ದುಡ್ಡಿಗೆ ಜೇಬಿಗೆ ಕೈ ಹಾಕಲೂ ಬಿಡಲಿಲ್ಲವಂತೆ. ಬೀಗರ ಲಾರಿಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಯೇಸುವನ್ನು ಹಿಡಿದುಕೊಟ್ಟವನ ಹೆಸರು, ಯೂದ ಅಂತ, ದೊಡ್ಡದಾಗಿ ಬರೆದಿದ್ದಾರೆ. ಸಂತೋಷವಾಯಿತು ಅಂತ ಬರೆಯಬಾರದು, ಆದರೆ ಆಯಿತು.

ನಿಮ್ಮಪ್ಪ ಚೆನ್ನಾಗಿದ್ದಾರೆ. ನನಗೆ ಅರ್ಥವಾಗದಿರುವುದು ಅದೇ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಬೆಳಿಗ್ಗೆ ಶಿಳ್ಳೆ ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಾರೆ. ದೊಡ್ಡ ಪೆಟ್ಟು ಬಿದ್ದವರು ಮೊದಮೊದಲು ಹೀಗೇ ಇರುತ್ತಾರಂತೆ, ಮೇವಿಸ್ ಹೇಳಿದಳು.

ನಿನ್ನ ಅತ್ತೆ ಬರಲಿ, ಪಾಪ, ಅವರೇನು ಮಾಡಿದ್ದಾರೆ. ಮಾವನಿಗೆ ಮಾತ್ರ ಬರಬೇಡಿ ಅಂತ ನೀನೇ ಕಾಗದ ಬರೆದು ತಿಳಿಸು, ಕೀತ್‌ನನ್ನು ಮಧ್ಯೆ ಸಿಕ್ಕಿಸಬೇಡ.

ಇಂತಿ ನಿನ್ನ,
ಅಮ್ಮ

ವಿ.ಸೂ.: ಮನೆಯಲ್ಲಿ ಸ್ಟಾಂಪು ಮುಗಿದಿದೆ. ನಿಮ್ಮಪ್ಪ ಪೇಟೆಗೆ ಹೊರಟಿದ್ದಾರೆ, ಅವರ ಕೈಗೇ ಕೊಡುತ್ತಿದ್ದೇನೆ. ಅಲ್ಲೇ ಲಕೋಟೆ ಅಂಟಿಸಿ ಹಾಕುತ್ತಾರೆ.

ಜಿಲ್, ಇದು ಅಪ್ಪ. ಅಂಚೆ ಕಚೇರಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮಮ್ಮನ ಕಾಗದ ಓದಬಾರದಿತ್ತು, ಓದಿದೆ. ಬರ್ನಾರ್ಡ್‌ಗೆ ನೀನು ಹಾಗೆ ಬರೆಯಬೇಡ. ನನ್ನನ್ನು ತೆಗೆದುಹಾಕು ಅಂತ ಅವನ ಮನೆಗೆ ಹೋಗಿ ಕೇಳಿಕೊಂಡವನು ನಾನೇ. ಹೋದ ತಿಂಗಳು ಒಂದು ಪಂದ್ಯದ ವಿರಾಮದಲ್ಲಿ ಹುಡುಗರೆಲ್ಲ ನನ್ನ ಮುಖ ನೋಡುತ್ತಾ ಕೂತಿದ್ದರು, ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಹೆದರಿಕೆಯಾಯಿತು. ತಾನಾಗಿ ಬಿಟ್ಟವನನ್ನು ಈ ಊರು ಓಡಿಹೋದವನು ಅನ್ನುತ್ತದೆ, ತೆಗೆದುಹಾಕಿಸಿಕೊಂಡವನಿಗೆ ಬಿಯರು ಕುಡಿಸುತ್ತದೆ. ನಾನು ಕುಡಿದೆ. "ಬೇಡ ಕಣೋ, ಹಂಗ್ ಮಾಡಿದ್ರೆ ಸಾಯೋತನಕ ನಿಮ್ಮನೆ ಮೆಟ್ಲು ಹತ್ತೋ ಹಾಗಿರಲ್ಲ ನಾನು" ಅಂತ ಅವನು ಎಷ್ಟೋ ಹೇಳಿದ. ಆಮೇಲೆ ಒಪ್ಪಿಕೊಂಡ. ಇವತ್ತಿನವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಸ್ವಂತ ಮಗನ ಹತ್ತಿರವೂ.

ನನ್ನ ಈ ಕೆಲಸಕ್ಕಾಗಿ ನಿಮ್ಮಮ್ಮ ಇದ್ದಬದ್ದ ಊರನ್ನೆಲ್ಲ ಬಿಟ್ಟುಬಂದಳು. ನನಗೆ ಸಾಕಾಯಿತು ಕಣೇ ಅಂತ ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ದೀಕ್ಷಾಸ್ನಾನಕ್ಕೆ ಅಲ್ಲಿಗೆ ಬರುವುದರೊಳಗೆ ಅವಳಿಗೆ ಹೇಳುತ್ತೇನೆ. ಮಾವನನ್ನು ನೀನೇ ಫೋನ್ ಮಾಡಿ ಕರೆ. ಅವನು ಬಂದಾಗ ಮಗುವನ್ನು ನನಗಿಂತ ಮೊದಲು ಅವನ ಕೈಗೆ ಕೊಡು.

ಅಪ್ಪ