ಹಸಿರು ಬಳಿದ ಹಳ್ಳದ ದಾರಿ

ಆನೆಗಳ ನಕ್ಷೆ ಬರೆಸಿದ ಅಧಿಕಾರಿಗಳೇ,

ಹಂಗಳದ ಬಸ್ ನಿಲ್ದಾಣದಲ್ಲಿ ನೀವು ನಿಲ್ಲಿಸಿರುವ ಬಣ್ಣದ ಫಲಕವನ್ನು ನಂಬಿ ನನ್ನ ಗಂಡ ಸತ್ತರು. ತುಳಿದದ್ದು ಆನೆಯೇ. ಆನೆಯಿದ್ದಲ್ಲಿಗೆ ಅವರನ್ನು ಕಳಿಸಿದ್ದು ನಿಮ್ಮ ಹಸಿರು ಬಣ್ಣ.

ಶಾಂತರಾಜು ಗುಂಡ್ಲುಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಬಸ್ಸಿಳಿದು ಊರಾಚೆಯ ನಮ್ಮ ಮನೆಗೆ ಬರಲು ಎರಡು ದಾರಿ: ಒಂದು ಕೆರೆ ಏರಿಯ ಮೇಲೆ, ಇನ್ನೊಂದು ಹಳ್ಳದಲ್ಲಿ. ಆನೆಗಳ ವರ್ಷದ ಓಡಾಟವನ್ನೆಲ್ಲ ಒಂದೇ ಚಿತ್ರದಲ್ಲಿ ಜನರಿಗೆ ತಿಳಿಸಬೇಕೆಂಬ ನಿಮ್ಮ ಯೋಚನೆ ಒಳ್ಳೆಯದೇ. ನನ್ನ ಗಂಡ ಜಾಗ್ರತೆಯ ಮನುಷ್ಯ. ಫಲಕ ಬಂದ ದಿನವೇ ಅದರ ಮುಂದೆ ನಿಂತು ನೋಡಿ ಬಂದರು.

“ಅಳ್ಳದ ದಾರಿಗೆ ಅಸ್ರು ಬಳ್ದವ್ರೆ ಕಣಮ್ಮಿ. ಏರಿ ಮ್ಯಾಲೆ ಕೆಂಪದೆ. ಇನ್ಮೇಲೆ ಅಳ್ಳದಲ್ಲೇ ಬತ್ತೀನಿ ಬುಡು.”

“ಸರ್ಯಾಗಿ ನೋಡುದ್ರಾ?”

“ಅಸ್ರು ಅಂದ್ರೆ ಓಗು ಅಂತ ತಾನೆ? ಮೈಸೂರಲ್ಲಿ ಸಿಗ್ನಲ್ ನೋಡಿಲ್ವಾ?” ಎಂದು ನಕ್ಕರು.

ಅದೇ ವಾರ, ಸಂಜೆ ಇನ್ನೂ ಬೆಳಕಿರುವಾಗಲೇ, ಹಳ್ಳದಲ್ಲಿ ಆನೆ ಎದುರಾಯಿತು. ಪಕ್ಕದ ಹೊಲದ ಬಸವಯ್ಯನವರು ಕೂಗಿದ್ದು ಕೇಳಿ ಓಡಿದೆ. ಅಷ್ಟರಲ್ಲಿ ಉಸಿರಿರಲಿಲ್ಲ.

ಕಾರ್ಯ ಮುಗಿಸಿ ಚಾಮರಾಜನಗರದ ನಿಮ್ಮ ಕಚೇರಿಗೆ ಬಂದೆ. ಹಸಿರೆಂದರೆ ಆನೆ ಹೆಚ್ಚು ನಡೆಯುವ ಜಾಗ, ಕೆಂಪೆಂದರೆ ಕಡಿಮೆ ನಡೆಯುವ ಜಾಗ, ಹಸಿರು ಕಾಡಿನ ಬಣ್ಣವಲ್ಲವೇ ಎಂದಿರಿ. “ವಿವರಣೆ ಕೆಳಗೇ ಇದೆಯಲ್ಲಮ್ಮ, ಓದ್ಕೋಬೇಕಿತ್ತು” ಎಂದಿರಿ. ಹಿಂದಿರುಗಿ ಓದಿದೆ, ಮಾನ್ಯರೇ. ಮಂಡಿಯೂರಿ, ಗಿಡ ಸರಿಸಿ ಓದಿದೆ. ಸಾಸಿವೆ ಕಾಳಿನಷ್ಟು ಅಕ್ಷರ. ಎಂಥ ಸೊಗಸಾದ ವಿನ್ಯಾಸ! ಆನೆಯಿಂದ ತಪ್ಪಿಸಿಕೊಳ್ಳಬೇಕಾದವನು ಮೊದಲು ನೆಲಕ್ಕೆ ಮಂಡಿಯೂರಬೇಕೆ? ನಿಮ್ಮ ಮೇಜಿನ ಮೇಲೆ ಅರ್ಥವಾದ ಚಿತ್ರ ಬಸ್ಸಿಳಿದವರಿಗೂ ಹಾಗೆಯೇ ಅರ್ಥವಾಯಿತೇ ಎಂದು ಒಬ್ಬರನ್ನಾದರೂ ಕೇಳಿದಿರಾ?

ನೆಂಟರೆಲ್ಲ ಹೊರಟುಹೋದರು. ಸಂಜೆಯ ಬಸ್ಸಿನ ಹಾರ್ನ್ ಕೇಳಿದರೆ ಈಗಲೂ ಟೀಗೆ ನೀರಿಡುತ್ತೇನೆ. ಕುದಿಯಲು ತೊಡಗಿದ ಮೇಲೆ ನೆನಪಾಗಿ ಒಲೆ ಆರಿಸುತ್ತೇನೆ. ಯಾರೊಡನೆಯೂ ಮಾತಿಲ್ಲದೆ ದಿನಗಳು ಕಳೆಯುತ್ತವೆ.

ಹೋದ ವಾರ ಪುಟ್ಟಸಿದ್ದಮ್ಮ ಎಂಬ ಮುದುಕಿ ಆ ಫಲಕ ನೋಡಿ ಹಳ್ಳದ ಕಡೆ ತಿರುಗಿದ್ದನ್ನು ಕಂಡೆ. ಓಡಿ ಕೈ ಹಿಡಿದು ನಿಲ್ಲಿಸಿದೆ. ಮರುದಿನ ಪೇಂಟ್ ತಂದು ಹಳ್ಳದ ದಾರಿಯನ್ನು ನಾನೇ ಕೆಂಪಾಗಿಸಿದೆ. ಸರ್ಕಾರಿ ಆಸ್ತಿ ಹಾಳು ಮಾಡಿದ್ದಕ್ಕೆ ಕಾರಣ ಕೇಳಿ ನಿಮ್ಮ ನೋಟಿಸು ಬಂದಿದೆ. ಪರಿಹಾರದ ಅರ್ಜಿ ಹಿಡಿದು ಎರಡು ಸಲ ಕಚೇರಿಗೆ ಅಲೆದಾಗ ಸಿಗದ ಸಹಿ ಇದಕ್ಕೆ ಎಷ್ಟು ಬೇಗ ಬಿತ್ತು! ಕಾರಣ ಮೇಲೆ ಬರೆದಿದ್ದೇನೆ.

ಶಿಕ್ಷೆ ಏನಿದ್ದರೂ ವಿಧಿಸಿ. ಆ ಹಸಿರನ್ನು ಮಾತ್ರ ಮತ್ತೆ ಬಳಿಸಬೇಡಿ. ಹೊಸ ಚಿತ್ರ ಬರೆಸುವುದಾದರೆ ಅದರ ಪಕ್ಕದಲ್ಲಿ ನೀವೇ ಒಂದು ಸಂಜೆ ನಿಂತು, ಬಸ್ಸಿಳಿದವರನ್ನು “ಯಾವ ದಾರೀಲಿ ಹೋಗ್ತೀರಿ?” ಎಂದು ಕೇಳಿ. ಅವರು ತಪ್ಪು ದಾರಿ ತೋರಿಸಿದರೆ ಅವರನ್ನು ಬೈಯಬೇಡಿ, ಚಿತ್ರ ತಿದ್ದಿ.

ಇಂತಿ,
ಎರಡೂ ದಾರಿಯಲ್ಲಿ ಯಾರೂ ಬರುವವರಿಲ್ಲದ
ಶಿವರಂಜಿನಿ, ಹಂಗಳ