ಎಲ್ಲ ಪತ್ರಗಳಲ್ಲೂ ಇದ್ದ ಹೆಸರು

ಕೊಲ್ಲಂ

ಪ್ರಿಯ ಅಕ್ಕ, ಫಿಲೋಮಿನ ಚೇಚಿಗೆ,

ತಪ್ಪು ನನ್ನದೆಂಬುದನ್ನು ಬರೆಯದೆ ಬಿಡುವವಳಿದ್ದೆ. ನಮ್ಮ ಮೀನುಗಾರಿಕೆ ಕಚೇರಿಗೆ ಬಂದ ಪತ್ರಗಳನ್ನು ಓದಿ, ಹುಡುಕಲು ಬೇಕಾದ ಪದಗಳನ್ನು ಕಂಪ್ಯೂಟರೇ ಆರಿಸುತ್ತದೆ. ಒಬ್ಬರ ಎಲ್ಲ ಪತ್ರಗಳಲ್ಲೂ ಬರುವ ಪದವನ್ನು ಬಿಟ್ಟುಬಿಡುವಂತೆ ಅದಕ್ಕೆ ಹೇಳಿದವಳು ನಾನು. ಕಡಲಿನಿಂದ ಮರಳದ ಗಂಡನ ಬಗ್ಗೆ ನೀವು ಬರೆದ ಹತ್ತೊಂಬತ್ತು ಪತ್ರಗಳಿಂದ ಅದು ಬಲೆ, ಕೆಮ್ಮು, ರೇಷನ್ ಎಂದು ಆರಿಸಿತು. ಎಲ್ಲದರಲ್ಲೂ ಇದ್ದದ್ದರಿಂದ ಅವರ ಹೆಸರು, ಲಾಸರ್ ಎಂಬುದನ್ನೇ ಕೈಬಿಟ್ಟಿತು.

ಅದಕ್ಕೇ ಗುಮಾಸ್ತ, "ಲಾಸರ್ ಹೆಸರಲ್ಲಿ ಒಂದು ಪತ್ರಾನೂ ಇಲ್ಲ ಚೇಚಿ" ಅಂದದ್ದು.

"ಹಾಗಾದ್ರೆ ನಂಗೆ ಗಂಡನೇ ಇರ್ಲಿಲ್ಲ ಅಂತ ಬರ್ಕೊಡು ಮಗನೇ!" ಎಂದ ನಿಮ್ಮ ದನಿ ನನ್ನ ಮೇಜಿಗೂ ಕೇಳಿಸಿತ್ತು. ಆಗಲೇ ಎದ್ದು ಬರಬೇಕಿತ್ತು.

ಈಗ ಹೆಸರನ್ನು ನಾನೇ ಸೇರಿಸಿದ್ದೇನೆ, ಹತ್ತೊಂಬತ್ತೂ ಸಿಗುತ್ತವೆ. ಲಾಸರ್ ಅವರ ಕಡತ ಮುಚ್ಚುವ ವಿಚಾರಣೆ ಇದೇ ಹದಿನೆಂಟಕ್ಕಿದೆ. ಅಲ್ಲಿಗೆ ಈ ಪತ್ರ ತನ್ನಿ, ಎಲ್ಲರಿಗೂ ತೋರಿಸಿ.

ಇಂತಿ,
ಜೆಸಿಂತ

ರಿಜಿಸ್ಟರ್ಡ್ ಅಂಚೆಗೆ ಹಾಕುವುದು ನಾಳೆ, ಸೆಪ್ಟೆಂಬರ್ ಹನ್ನೆರಡು.