ಚೀಟಿಯ ಎರಡನೆಯ ಸಾಲು

ಫೆಬ್ರವರಿ 3

ತಾಯಂದಿರು ಧರಣಿ ಕೂರುವ ಶೆಡ್ಡಿನ ತಗಡು ಇವತ್ತೂ ಕಾದ ಕಾವಲಿ. ಸಹಕಾರ ಅಂಗಡಿಯ ಮಧ್ಯಾಹ್ನದ ಬಿಡುವಿನಲ್ಲಿ ಅಮ್ಮನಿಗೆ ಪುಟ್ಟು ಕೊಟ್ಟು ಬಂದೆ. ಪಕ್ಕದ ಕೋವಿಲ್ ಗುಡಿಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಸುಜೀವನ್ ಫೋಟೋ. ತಮ್ಮನದು ಇರುವುದು ಅದೊಂದೇ.

ಜಸಿಂತಾ ಅಕ್ಕ ಸುದ್ದಿ ತಂದಳು. ಮಕ್ಕಳಿಗಾಗಿ ಕಾಯುವ ನಮ್ಮ ತಾಯಂದಿರ ಸಂಘ ನಡೆಸುವವಳು ಅವಳೇ. ಜಿನೀವಾದ ವಿಶ್ವಸಂಸ್ಥೆ ಸಮಿತಿಯವರು ಕಿಳಿನೊಚ್ಚಿಗೆ ಬರುತ್ತಾರಂತೆ. ಒಬ್ಬೊಬ್ಬರಿಗೆ ಮೂರು ನಿಮಿಷ.

"ಮೂರು ನಿಮಿಷಕ್ಕೆ ಮೊಟ್ಟೆ ಬೇಯಲ್ಲ," ಎಂದಳು ಅಮ್ಮ.

"ಸುಮ್ನಿರು ಪೂರಣಮಕ್ಕ. ಹೋದ ಸಲ ಅದೂ ಸಿಗಲಿಲ್ಲ."

ಫೆಬ್ರವರಿ 11

ಶೆಡ್ಡಿನಲ್ಲಿ ಮಾತಿನ ತಾಲೀಮು. ಜಸಿಂತಾ ಅಕ್ಕ ಮೇಷ್ಟ್ರು, ಮುದುಕಿಯರೆಲ್ಲ ಒಂದನೇ ಕ್ಲಾಸು.

"'ಕಾಣೆಯಾದ' ಅನ್ನಬೇಡಿ. ತಾನೇ ಎಲ್ಲೋ ಹೋದ ಅಂತಾಗುತ್ತೆ. 'ಕಾಣೆ ಮಾಡಿದರು' ಅನ್ನಿ. ಆ ಒಂದು ಮಾತಿಗೆ ಎಷ್ಟು ವರ್ಷ ಹೊಡೆದಾಡಿದ್ದೀವಿ."

ಅಮ್ಮ ಎರಡನ್ನೂ ಒಲ್ಲೆ ಅಂದಳು. "ಕಾಣೆಯಾಗೋಕೆ ಅವನೇನು ಮೇಕೇನಾ? ನಾನೇ ಕೈ ಹಿಡ್ಕೊಂಡು ಹೋಗಿ ಒಪ್ಪಿಸಿದೆ. 'ಒಪ್ಪಿಸಿದ ಮಗ' ಅಂತಲೇ ಹೇಳೋದು."

"ಅದು ಅವರ ಫಾರ್ಮಿನಲ್ಲಿಲ್ಲ ಅಕ್ಕ."

"ಫಾರ್ಮಿಗೆ ಸೇರಿಸ್ಕೊಳ್ಳಲಿ."

ಅಮ್ಮ ಹೇಳುವುದು ನಿಜ. ಯುದ್ಧದ ಕೊನೆಯ ದಿನ, ವಟ್ಟುವಾಗಲ್ ಸೇತುವೆ. ಸೈನಿಕರು ಮೈಕಿನಲ್ಲಿ ಕೂಗಿದರು — ತಮಿಳು ಹುಲಿಗಳ ಇಯಕ್ಕದಲ್ಲಿ ಒಂದೇ ದಿನ ಇದ್ದವರೂ ಮುಂದೆ ಬನ್ನಿ, ವಿಚಾರಿಸಿ ಬಿಡುತ್ತೇವೆ. ಇಯಕ್ಕದವರು ಸುಜಿಯನ್ನು ಬಲವಂತವಾಗಿ ಎಳೆದೊಯ್ದು ಕೆಲವು ತಿಂಗಳು ಇಟ್ಟುಕೊಂಡಿದ್ದರು, ಅಷ್ಟೇ. ಮುಚ್ಚಿಟ್ಟರೆ ಮುಂದೆ ತೊಂದರೆ ಎಂದು ಅಮ್ಮನೇ ಕರೆದೊಯ್ದಳು. ಬಸ್ಸು ಹತ್ತುವಾಗ ಅವನು ತಿರುಗಿ, "ಅಕ್ಕ, ಅಮ್ಮನಿಗೆ ನೀರು ಕೊಡು," ಎಂದ. ಬಸ್ಸು ಹೋಯಿತು.

ಅಮ್ಮನಿಗೆ ಈಚೆಗೆ ಮರೆವು. ನಿನ್ನೆ ಒಲೆ ಮೇಲೆ ಅನ್ನ ಮರೆತಳು. ಸೇತುವೆ ಮರೆಯುವ ಮುಂಚೆ ಯಾರಾದರೂ ಸರಿಯಾಗಿ ಬರೆದುಕೊಳ್ಳಬೇಕು. ಅದಷ್ಟೇ ನನ್ನ ಆತಂಕ.

ಫೆಬ್ರವರಿ 24, ಸಂಜೆ

ಬಂದರು, ಹೋದರು. ಎ.ಸಿ. ಹಾಲು. ನೀರಿನ ಬಾಟಲಿ, ಬಿಸ್ಕತ್ತು. ಕೊಲಂಬೊದಿಂದ ಟೈ ಕಟ್ಟಿದ ದುಭಾಷಿ. ಸಮಿತಿಯ ಕಡೆಯಿಂದ ನೆರೆತ ಕೂದಲಿನ ಹೆಂಗಸು.

ಅಮ್ಮ "ಒಪ್ಪಿಸಿದೆ" ಅಂದಳು. ದುಭಾಷಿ "ಡಿಸಪಿಯರ್ಡ್" ಅಂದ. ಅಷ್ಟು ಇಂಗ್ಲಿಷ್ ನನಗೂ ಗೊತ್ತು. ಎದ್ದೆ.

"ತಂಬಿ, ಅಮ್ಮ ಆ ಮಾತು ಹೇಳಲಿಲ್ಲ."

"ಎಲ್ಲರಿಗೂ ಅದೇ ಪದ ಅಕ್ಕ. ಫಾರ್ಮಿನಲ್ಲಿ ಹಾಗೇ ಇರೋದು."

"ಮಾತಾಡ್ತಿರೋದು ಫಾರ್ಮಲ್ಲ, ನಮ್ಮಮ್ಮ."

ಈ ಜಗಳದಲ್ಲೇ ಒಂದು ನಿಮಿಷ ಹೋಯಿತು. ಕೊನೆಗೆ ಆ ಹೆಂಗಸು ಫೋಟೋಗೆ ಕೈ ಚಾಚಿದಳು. ಅಮ್ಮ ಬಿಡಲಿಲ್ಲ. ಇವಳೊಂದು ತುದಿ, ಅವಳೊಂದು ತುದಿ.

"ಚೀಟಿ ಕೊಡು," ಎಂದಳು ಅಮ್ಮ.

ದುಭಾಷಿ ನಕ್ಕ. "ಇವರು ದೊಡ್ಡೋರು ಅಮ್ಮ, ಎಲ್ಲೂ ಹೋಗಲ್ಲ."

"ಆವತ್ತು ಮೈಕಿನಲ್ಲಿ ಕೂಗಿದವರೂ ದೊಡ್ಡೋರೇ. ಮಿಲ್ಲಿಗೆ ಒಂದು ಮೂಟೆ ಭತ್ತ ಹಾಕಿದರೆ ಚೀಟಿ ಕೊಡ್ತಾರೆ. ಮಗನ್ನ ಕೊಟ್ಟೆ, ಚೀಟಿ ಕೊಡಲಿಲ್ಲ. ಮೊದಲು ಚೀಟಿ."

ಅವನು ಅದನ್ನು ಹೇಗೆ ಹೇಳಿದನೋ ಕಾಣೆ. ಆ ಹೆಂಗಸು ನಗಲಿಲ್ಲ. ಪುಸ್ತಕದಿಂದ ಹಾಳೆ ಹರಿದಳು. ನನ್ನನ್ನೇ ಕೇಳಿ ಕೇಳಿ ಬರೆದಳು. ಎರಡು ಸಾಲು:

ಪರಿಪೂರಣಂ ಅವರಿಂದ ಪಡೆದದ್ದು, ಒಂದು ಫೋಟೋ.
ಅದರಲ್ಲಿರುವವನು ಸುಜೀವನ್, ತಾಯಿ ವಟ್ಟುವಾಗಲ್‌ನಲ್ಲಿ ಸೈನಿಕರ ಕೈಗೆ ಒಪ್ಪಿಸಿದ ಮಗ.

ಕೆಳಗೆ ಸಹಿ, ತಾರೀಖು. ಇಷ್ಟು ವರ್ಷಗಳಲ್ಲಿ ಆ ಮಾತು ಇದ್ದ ಮೊದಲ ಕಾಗದ. ಅಮ್ಮ ಓದಿಸಿಕೊಂಡಳು. ಆಮೇಲೆ ಫೋಟೋ ಬಿಟ್ಟಳು.

ಏಪ್ರಿಲ್ 19

ಜಿನೀವಾದಿಂದ ಏನೂ ಇಲ್ಲ. ತಮಿಳು ಹೊಸ ವರ್ಷಕ್ಕೆ ಅಮ್ಮ ಪೊಂಗಲ್ ಕೂಡ ಇಡಲಿಲ್ಲ. ಶೆಡ್ಡಿನಲ್ಲಿ ಖಾಲಿ ಮಡಿಲು, ಕೈಗೆ ಏನು ಮಾಡಬೇಕೋ ತಿಳಿಯದು.

ಜೂನ್ 8

ಇ-ಮೇಲ್ ಬಂದಿದೆ. ಜಸಿಂತಾ ಅಕ್ಕ ಪ್ರಿಂಟು ತಂದಳು. ನಿಮ್ಮ ವಿಷಯವನ್ನು ಸರ್ಕಾರಕ್ಕೆ ಕಳಿಸಿದ್ದೇವೆ. ನಾವು ಕೋರ್ಟಲ್ಲ, ಶಿಕ್ಷೆ ಕೊಡುವವರಲ್ಲ, ಕೇಳುವವರು ಮಾತ್ರ.

"ಕೇಳೋದು ನಾವೂ ಕೇಳ್ತಿದ್ದೀವಲ್ಲ," ಎಂದಳು ಅಮ್ಮ.

"ನಮ್ಮನ್ನ ಗೇಟಿನಿಂದಲೇ ಓಡಿಸ್ತಾರೆ. ಅವರು ಕೇಳಿದರೆ ಕಾಗದದಲ್ಲಾದರೂ ಉತ್ತರ ಕೊಡಬೇಕು."

ಸೆಪ್ಟೆಂಬರ್ 22

ಉತ್ತರ ಬಂತು. ಆ ಹೆಸರಿನವರು ಯಾವ ದಾಖಲೆಯಲ್ಲೂ ಇಲ್ಲ ಎಂದು ಸರ್ಕಾರ. ಒಪ್ಪಿಸಿದ್ದಕ್ಕೆ ಪುರಾವೆ — ಚೀಟಿ ಇತ್ಯಾದಿ — ಇದ್ದರೆ ಆರು ತಿಂಗಳೊಳಗೆ ಕಳಿಸಿ ಎಂದು ಜಿನೀವಾ. ಏನೂ ತಿಳಿಸದಿದ್ದರೆ ಕಡತ ಮುಚ್ಚಬಹುದು.

ಸೈನಿಕರು ಚೀಟಿ ಕೊಟ್ಟಿದ್ದರೆ ಜಿನೀವಾಕ್ಕೆ ಯಾಕೆ ಬರೆಯುತ್ತಿದ್ದೆವು... ಹಾಗೆಂದೇ ಬರೆದೆ. ಜಸಿಂತಾ ಅಕ್ಕ ಹರಿದು ಹಾಕಿದಳು.

"ಸಿಟ್ಟು ನನಗೂ ಇದೆ ಮಗಳೇ. ಆದರೆ ನಿನ್ನ ತಮ್ಮನ ಹೆಸರಿನಲ್ಲಿ ಬಾಗಿಲು ತೆರೆದಿಟ್ಟಿರೋರು ಭೂಮಿ ಮೇಲೆ ಅವರೊಬ್ಬರೇ. ನೀನೇ ಹೋಗಿ ಹಾಕ್ಬೇಡ."

ಮತ್ತೆ ಬರೆಯಲು ಕೂತೆ. ಮೆತ್ತಗೆ ಬರೆಯಲು ಬರುತ್ತಿಲ್ಲ.

ಅಕ್ಟೋಬರ್ 30

ಬರೆದಿಲ್ಲ.

ಡಿಸೆಂಬರ್ 13

ರಿಜಿಸ್ಟರ್ಡ್ ಅಂಚೆ. ದಪ್ಪ ಲಕೋಟೆ. ಒಡೆದರೆ — ಫೋಟೋ. ಪ್ರತಿ ತೆಗೆದುಕೊಂಡಿದ್ದೇವೆ, ಧನ್ಯವಾದಗಳೊಂದಿಗೆ ಹಿಂದಿರುಗಿಸಿದೆ. ಅಷ್ಟೇ.

ಅಮ್ಮ ಸೆರಗಿನಿಂದ ಒರೆಸಿದಳು. ಎಷ್ಟೋ ಹೊತ್ತು ನೋಡಿದಳು. "ನೋಡಿದೆಯಾ, ಚೀಟಿ ಕೊಟ್ಟವರು ವಾಪಸ್ ಕೊಟ್ಟರು."

ನನಗೆ ಮೈಯೆಲ್ಲ ಉರಿ. "ಹಾಗಾದರೆ ಚೀಟಿನೂ ವಾಪಸ್ ಕಳಿಸಿಬಿಡೋಣ. ಅಂಗಡಿಯಲ್ಲಿ ಮಾಲು ತಗೊಂಡರೆ ಚೀಟಿ ಬಿಟ್ಟುಕೊಡಬೇಕು. ಲೆಕ್ಕ ಮುಗೀತು. ನಿನ್ನ ಜಿನೀವಾನೂ ಮುಗೀತು."

ಅಮ್ಮ ಎದ್ದು ಸ್ವಾಮಿ ಪಟದ ಹಿಂದಿನಿಂದ ಚೀಟಿ ತಂದಳು. ಓದು ಅಂದಳು. ಓದಿದೆ. ಪೆನ್ಸಿಲ್ ಕೊಡು ಅಂದಳು. ಮೊದಲ ಸಾಲು ಯಾವುದೆಂದು ಕೇಳಿ ಅದರ ಮೇಲೆ ಗೆರೆ ಎಳೆದಳು, ಸೊಟ್ಟಗೆ.

"ಇದು ಬಂತು. ಕೆಳಗಿನದು?"

ಪೆನ್ಸಿಲ್ ವಾಪಸ್ ನನ್ನ ಕೈಗಿಟ್ಟಳು.

"ಮಿಲ್ಲಿನವನು ಅರ್ಧ ಮೂಟೆ ಕೊಟ್ಟರೆ ಚೀಟಿ ಬಿಡ್ತೀಯಾ? ಅಂಗಡಿ ಕೆಲಸ ಮಾಡೋಳು ನೀನು."

ಬೆಳಗ್ಗೆ ಒಲೆ ಮೇಲೆ ಹಾಲು ಮರೆತವಳು ಇವಳೇ.

ಡಿಸೆಂಬರ್ 14

ಚೀಟಿಯ ಜೆರಾಕ್ಸ್ ಮಾಡಿಸಿದೆ. ಅವರದೇ ಚೀಟಿ, ಪುರಾವೆ ಆಗುವುದಿಲ್ಲ, ಗೊತ್ತು. ಆದರೂ ಲಕೋಟೆಗೆ ಹಾಕುತ್ತೇನೆ, ಸೊಟ್ಟ ಗೆರೆಯ ಸಮೇತ. ಅಮ್ಮ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಮೆತ್ತಗೆ ಬರಿ ಎಂದೂ ಅವಳು ಹೇಳಲಿಲ್ಲ, ಗಟ್ಟಿಯಾಗಿ ಬರಿ ಎಂದೂ ಹೇಳಲಿಲ್ಲ.

ಕರಡು ಇಲ್ಲೇ ಬರೆದುಕೊಳ್ಳುತ್ತೇನೆ —

ಮಾನ್ಯರೇ, ಫೋಟೋ ಕೈಸೇರಿತು. ಚೀಟಿಯ ಎರಡನೆಯ ಸಾಲಿನಲ್ಲಿರುವವನು ಇನ್ನೂ...